ಕುಡಿದು ಗಾಡಿ ಓಡಿಸಿದ ಕೇಸು ಇದ್ದರೆ ಕೆನಡಾಕ್ಕೆ ಹೋಗಬಹುದಾ? ಸಿಯಾಟಲ್‌ನಿಂದ ಬರ್ನಬಿಗೆ, ತಂಗಿಯ ಹೆರಿಗೆಗೆ

ಮಳೆಹನಿ

ಎಲ್ಲರಿಗೂ ನಮಸ್ಕಾರ. ಹೆಸರು ಹೇಳದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಸಿಯಾಟಲ್ ಹತ್ತಿರ ಇದ್ದೇನೆ. ಎಚ್-1ಬಿ ಅಂದರೆ ಕೆಲಸದ ವೀಸಾ, ಭಾರತದ ಪಾಸ್‌ಪೋರ್ಟ್.

2021ರ ನವೆಂಬರ್‌ನಲ್ಲಿ ಆಫೀಸಿನವರ ಜೊತೆ ಊಟ ಮುಗಿಸಿ ಬರುವಾಗ ಪೊಲೀಸರು ನಿಲ್ಲಿಸಿದರು. ಊದಿದೆ, ಮದ್ಯದ ಪ್ರಮಾಣ 0.11 ಬಂತು. ಯಾರಿಗೂ ಪೆಟ್ಟಾಗಲಿಲ್ಲ. ಆಗಬಹುದಿತ್ತು, ಅದು ನನಗೆ ಗೊತ್ತು. 2022ರ ಏಪ್ರಿಲ್‌ನಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ಒಂದು ದಿನದ ಜೈಲು, ದಂಡ, 90 ದಿನ ಲೈಸೆನ್ಸ್ ಅಮಾನತು, ಊದಿದರಷ್ಟೇ ಸ್ಟಾರ್ಟ್ ಆಗುವ ಯಂತ್ರ ಒಂದು ವರ್ಷ ಕಾರಿನಲ್ಲಿ, ಐದು ವರ್ಷ ಪ್ರೊಬೇಷನ್, ಅಂದರೆ ಕೋರ್ಟಿನ ನಿಗಾ. ಆವತ್ತಿನಿಂದ ಒಂದು ತೊಟ್ಟೂ ಮುಟ್ಟಿಲ್ಲ.

ಅರೆಸ್ಟ್ ಆಗಿ ಎರಡು ತಿಂಗಳಿಗೆ ಕಾನ್ಸುಲೇಟಿನಿಂದ ಇಮೇಲ್ ಬಂತು: ನಿಮ್ಮ ವೀಸಾ ರದ್ದಾಗಿದೆ. ಇಲ್ಲಿ ಕೆಲಸ ಮಾಡಲು ತೊಂದರೆಯಿಲ್ಲ, ಹೊರಗೆ ಹೋದರೆ ಹೊಸ ವೀಸಾ ಇಲ್ಲದೆ ಒಳಗೆ ಬರುವಂತಿಲ್ಲ ಎಂದು ವಕೀಲರು ಹೇಳಿದರು. ಅಂದಿನಿಂದ ದೇಶ ಬಿಟ್ಟು ಹೊರಗೆ ಕಾಲಿಟ್ಟಿಲ್ಲ.

ತಂಗಿ ಕೆನಡಾದ ಬರ್ನಬಿಯಲ್ಲಿದ್ದಾಳೆ. ಕಾರಿನಲ್ಲಿ ಎರಡೂವರೆ ಗಂಟೆ. ಅವಳು ಅಲ್ಲಿಯ ಪ್ರಜೆ. ಈಗ ಆರು ತಿಂಗಳ ಬಸುರಿ, ಮೊದಲ ಎರಡು ಸಲ ನಿಲ್ಲಲಿಲ್ಲ. "ಅಣ್ಣ, ಈ ಸಲ ನೀನು ಬಂದೇ ಬರಬೇಕು" ಅಂದಿದ್ದಾಳೆ. ಅವಳಿಗೆ ಈ ಕೇಸಿನ ವಿಷಯ ಗೊತ್ತಿಲ್ಲ. ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧ ತಾನೇ, ಐದು ವರ್ಷ ಆದಮೇಲೆ ಬಿಡುತ್ತಾರೆ ಎಂದು ಎಲ್ಲೋ ಓದಿದೆ. ನಿಜವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ವ್ಯಾಂಕೂವರ್ ವಾಸಿ

ನಾನು ವಕೀಲನಲ್ಲ. ಇಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಕಡತ ನೋಡುವ ಕೆಲಸ. ನಿಮ್ಮಂಥವರ ಕಡತವೇ ವಾರಕ್ಕೆ ಮೂರು ನಾಲ್ಕು ಬರುತ್ತವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅರ್ಧ ತಿಳಿದುಕೊಂಡು ಬಾರ್ಡರಿಗೆ ಹೊರಟವರ ಕಷ್ಟ ನೋಡಿದ್ದೇನೆ.

ಮೊದಲು ಆ ಮಿಸ್‌ಡಿಮೀನರ್ ಅನ್ನೋ ಮಾತು ಮರೆತುಬಿಡಿ. ವಾಷಿಂಗ್ಟನ್ ರಾಜ್ಯ ನಿಮ್ಮ ತಪ್ಪನ್ನು ಏನೆಂದು ಕರೆಯಿತು ಎಂಬುದು ಕೆನಡಾಕ್ಕೆ ಬೇಕಿಲ್ಲ. ನೀವು ಮಾಡಿದ್ದನ್ನೇ ಕೆನಡಾದ ನೆಲದಲ್ಲಿ ಮಾಡಿದ್ದರೆ ಯಾವ ಅಪರಾಧ ಆಗುತ್ತಿತ್ತು, ಅದಕ್ಕೆ ಗರಿಷ್ಠ ಶಿಕ್ಷೆ ಎಷ್ಟು, ಇಷ್ಟನ್ನೇ ನೋಡುತ್ತಾರೆ. ಇಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ, ಅಂದರೆ ನಿಮ್ಮ 0.08. ನಿಮ್ಮದು 0.11, ಹಾಗಾಗಿ ಸಮ ಅಪರಾಧ ಇದೆ. 2018ರ ಡಿಸೆಂಬರ್ 17ರವರೆಗೆ ಇದಕ್ಕೆ ಗರಿಷ್ಠ ಐದು ವರ್ಷ ಜೈಲು ಇತ್ತು. ಮರುದಿನದಿಂದ ಹತ್ತು ವರ್ಷ. ಆ ಒಂದು ದಿನ ಎಲ್ಲವನ್ನೂ ಬದಲಿಸಿತು. ವಲಸೆ ಕಾಯ್ದೆಯ 36ನೇ ಕಲಂ ಪ್ರಕಾರ ಗರಿಷ್ಠ ಶಿಕ್ಷೆ ಹತ್ತು ವರ್ಷ ಅಥವಾ ಹೆಚ್ಚಿದ್ದರೆ ಅದು "ಗಂಭೀರ ಅಪರಾಧ". ನೀವು ನಿಜವಾಗಿ ಒಳಗಿದ್ದದ್ದು ಒಂದೇ ದಿನ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಳೇ ನಿಯಮದಲ್ಲಿ ಒಂದೇ ಒಂದು ಕೇಸು ಇದ್ದು, ಶಿಕ್ಷೆ ಪೂರ್ತಿ ಮುಗಿದು ಹತ್ತು ವರ್ಷ ಕಳೆದರೆ ತಾನಾಗಿಯೇ ಸುಧಾರಿಸಿದವರು ಎಂದು ಪರಿಗಣಿಸುತ್ತಿದ್ದರು. ನಿಮ್ಮದು 2021ರದ್ದು, ಆ ಬಾಗಿಲು ಇಲ್ಲ. ಎಷ್ಟೇ ವರ್ಷ ಕಳೆದರೂ ನೀವಾಗಿಯೇ ಅರ್ಜಿ ಹಾಕಿ, "ಪುನರ್ವಸತಿ", ಅಂದರೆ ಸುಧಾರಿಸಿದ್ದೀರಿ ಎಂಬ ಒಪ್ಪಿಗೆ ಪಡೆಯಬೇಕು. ಅದಕ್ಕೆ ಐದು ವರ್ಷ ಕಾಯಬೇಕು ಅನ್ನೋದು ನಿಜ. ಆದರೆ ಎಲ್ಲಿಂದ ಐದು ವರ್ಷ? ಅರೆಸ್ಟ್ ಆದ ದಿನದಿಂದಲ್ಲ, ಕೋರ್ಟಿನ ದಿನದಿಂದಲೂ ಅಲ್ಲ. ಶಿಕ್ಷೆಯ ಕೊನೆಯ ತುಂಡು ಮುಗಿದ ದಿನದಿಂದ. ದಂಡದ ಕೊನೆಯ ಕಂತು, ಚಾಲನೆಯ ನಿಷೇಧ, ಪ್ರೊಬೇಷನ್, ಎಲ್ಲವೂ ಸೇರಿ. ನಿಮ್ಮ ಪ್ರೊಬೇಷನ್ 2027ರ ಏಪ್ರಿಲ್‌ಗೆ ಮುಗಿಯುತ್ತದೆ. ಅರ್ಜಿ ಹಾಕಲು ಅರ್ಹತೆ 2032ರ ಏಪ್ರಿಲ್‌ಗೆ. ಗಂಭೀರ ಅಪರಾಧವಾದ್ದರಿಂದ ಶುಲ್ಕ ಸುಮಾರು 1,200 ಕೆನಡಾ ಡಾಲರ್, ಉತ್ತರ ಬರಲು ವರ್ಷದ ಮೇಲೂ ಹಿಡಿಯಬಹುದು.

ಅಲ್ಲಿಯವರೆಗೆ ಇರುವ ದಾರಿ ಒಂದೇ, ಟಿಆರ್‌ಪಿ, ಅಂದರೆ ತಾತ್ಕಾಲಿಕ ವಾಸದ ಪರವಾನಗಿ. ಶುಲ್ಕ ಸುಮಾರು 250 ಡಾಲರ್, ಕೊಟ್ಟರೆ ಗರಿಷ್ಠ ಮೂರು ವರ್ಷದವರೆಗೆ ಕೊಡಬಹುದು. ಇದು ಹಕ್ಕಲ್ಲ. ನೀವು ಬರಲೇಬೇಕಾದ ಕಾರಣ ಒಂದು ತಟ್ಟೆಯಲ್ಲಿ, ನಿಮ್ಮಿಂದ ಇಲ್ಲಿಯ ಜನಕ್ಕೆ ಇರುವ ಅಪಾಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ಅಧಿಕಾರಿ ತೂಗುತ್ತಾರೆ. ಅಮೆರಿಕದ ಪ್ರಜೆಗಳಿಗೆ ಬಾರ್ಡರಿನಲ್ಲೇ ಕೇಳುವ ಅವಕಾಶ ಇದೆ. ನಿಮಗೆ ಹೇಗೂ ವೀಸಾ ಬೇಕು, ಆದ್ದರಿಂದ ಮೊದಲೇ ಅರ್ಜಿ ಹಾಕಬೇಕು. ದಯವಿಟ್ಟು ಸುಮ್ಮನೆ ಕಾರು ಹತ್ತಿಕೊಂಡು ಬರಬೇಡಿ.

ಬಯಲುಸೀಮೆ

ಸುಮ್ನ ಕಾರು ಹತ್ತಿಕೊಂಡು ಹೋದಾವ ನಾನರೀ. ಗ್ರೀನ್ ಕಾರ್ಡ್ ಐತಿ, ವೀಸಾ ಬ್ಯಾಡ ಅಂತ 2023ರ ಬ್ಯಾಸಗಿ ಸೂಟಿಗೆ ಹೆಂಡತಿ, ಎರಡು ಹುಡುಗ್ರನ್ನ ಕರಕೊಂಡು ಹೊಂಟಿದ್ದೆ. ಪೀಸ್ ಆರ್ಚ್ ಬಾರ್ಡರ್ ಬೂತಿನ್ಯಾಗ ಕುಂತಾಕಿ ಪಾಸ್‌ಪೋರ್ಟ್ ತೊಗೊಂಡ್ಲು, ಸ್ಕ್ರೀನ್ ನೋಡಿದ್ಲು, ಮತ್ತ ನೋಡಿದ್ಲು, ಒಂದು ಚೀಟಿ ಕೊಟ್ಟು ಒಳಗ ಹೋಗ್ರಿ ಅಂದ್ಲು. ಒಳಗಿನ ಸಾಹೇಬ ಕೇಳಿದ್ದು ಒಂದ ಪ್ರಶ್ನೆ: "ನಿಮ್ಮ ಬೆರಳಚ್ಚು ಎಂದರ ಪೊಲೀಸ್ರು ತೊಗೊಂಡಾರೇನು?" ನನಗ ಗಂಟಲ ಒಣಗಿ ಬಂತು. 2016ರಾಗ ಓರೆಗಾನ್‌ದಾಗ ಆಗಿದ್ದು. 2017ಕ್ಕ ದಂಡ, ಕ್ಲಾಸು ಎಲ್ಲಾ ಮುಗಿಸಿ ಮರತೂ ಬಿಟ್ಟಿದ್ದೆ. ಹೌದು ಅಂದೆ. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

ಎರಡು ತಾಸು ಕುಂದರಿಸಿದ್ರು. ಕಡೀಕ ಒಂದು ಕಾಗದ ಮುಂದಿಟ್ರು, ಒಳಗ ಬರಾಕ ಕೇಳಿದ್ದನ್ನ ಹಿಂದಕ್ಕ ತೊಗೊಂಡು ತಿರುಗಿ ಹೊಂಟೀನಿ ಅಂತ ಸಹಿ ಮಾಡಿದೆ. ಮತ್ತ ಗಾಡಿ ತಿರುಗಿಸಿಕೊಂಡು ಅಮೆರಿಕದ ಬೂತಿಗೆ ಬಂದು ಅವರಿಗೂ ಇದ ಕಥಿ ಹೇಳಬೇಕಾತು. ಹಿಂದಿನ ಸೀಟಿನ್ಯಾಗ ಮಗಳು, ಎಂಟು ವರ್ಷದಾಕಿ. "ಅಪ್ಪಾ, ನೀ ಏನ್ ಮಾಡೀದಿ?" ಅಂದ್ಲು. ಆ ಮಾತು ಇನ್ನೂ ಕಿವ್ಯಾಗ ಐತ್ರಿ. ಅವತ್ತು ಅಮೆರಿಕದ ಕಡಿ ಬೆಲ್ಲಿಂಗ್‌ಹ್ಯಾಮ್ ಊರಾಗ ರೂಮು ಹಿಡದು ಆಕೀಗೆ ಎಲ್ಲಾ ಹೇಳಿದೆ.

ವ್ಯಾಂಕೂವರ್ ವಾಸಿ

ಅವರಿಗೆ ಹೇಗೆ ಗೊತ್ತಾಗುತ್ತೆ ಎಂದು ಎಲ್ಲರೂ ಕೇಳುತ್ತಾರೆ. ಕೆನಡಾದ ಪೊಲೀಸ್ ಮಾಹಿತಿ ವ್ಯವಸ್ಥೆಗೂ ಅಮೆರಿಕದ ಎಫ್‌ಬಿಐ ನಡೆಸುವ ವ್ಯವಸ್ಥೆಗೂ ಕೊಂಡಿ ಇದೆ. ಬೆರಳಚ್ಚು ಕೊಟ್ಟ ಅರೆಸ್ಟ್ ಅಲ್ಲಿದ್ದರೆ ಬೂತಿನಲ್ಲೇ ಕಾಣುತ್ತದೆ.

ಬಯಲುಸೀಮೆಯವರೇ, ನಿಮಗೊಂದು ಸಮಾಧಾನದ ವಿಷಯ. ನಿಮ್ಮದು 2018ರ ಬದಲಾವಣೆಗೆ ಮುಂಚಿನ ತಪ್ಪು. ತಪ್ಪು ನಡೆದ ದಿನ ಜಾರಿಯಲ್ಲಿದ್ದ ಗರಿಷ್ಠ ಶಿಕ್ಷೆಯನ್ನೇ ನೋಡಬೇಕು ಎಂದು ಕೆನಡಾದ ಸುಪ್ರೀಂ ಕೋರ್ಟ್ 2017ರಲ್ಲಿ ಟ್ರಾನ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಬೇರೆ ಕೇಸು ಇಲ್ಲದಿದ್ದರೆ, 2017ರಲ್ಲಿ ಎಲ್ಲ ಮುಗಿದ ದಿನದಿಂದ ಹತ್ತು ವರ್ಷ ಎಣಿಸಿ. ಆಮೇಲೂ ಕೋರ್ಟಿನ ಕಾಗದ ಕೈಯಲ್ಲಿ ಹಿಡಿದೇ ಬನ್ನಿ. ಶಿಕ್ಷೆ ಯಾವತ್ತು ಮುಗಿಯಿತು ಅಂತ ತೋರಿಸುವ ಹೊಣೆ ನಿಮ್ಮದು, ಅಧಿಕಾರಿಯದಲ್ಲ.

ಕಿಟಕಿ ಪಕ್ಕ

ಅರ್ಜಿಯಲ್ಲಿ ಬರೆಯದೇ ಇದ್ದರೆ? ನನ್ನ ಸ್ನೇಹಿತ ಎರಡು ಸಲ ಹೋಗಿ ಬಂದ, ಯಾರೂ ಕೇಳಲಿಲ್ಲವಂತೆ.

ವ್ಯಾಂಕೂವರ್ ವಾಸಿ

ಇದಕ್ಕೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೇಳದಿದ್ದಾಗ ದಾಟಿ ಹೋದದ್ದು ಒಂದು ಮಾತು. ಕೇಳಿದ ಪ್ರಶ್ನೆಗೆ "ಇಲ್ಲ" ಎಂದು ಬರೆದರೆ ಅದು ಬೇರೆಯೇ ತಪ್ಪು. ಕೆನಡಾದಲ್ಲಿ ಸುಳ್ಳು ಮಾಹಿತಿಗೆ ಐದು ವರ್ಷ ಪ್ರವೇಶ ನಿಷೇಧ. ಅಮೆರಿಕದಲ್ಲಿ ವೀಸಾಕ್ಕಾಗಿ ಮುಖ್ಯ ವಿಷಯ ಮುಚ್ಚಿಟ್ಟರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಫಾರ್ಮಿನಲ್ಲಿ ಶಿಕ್ಷೆಯಾಗಿದೆಯಾ ಎಂದು ಮಾತ್ರ ಕೇಳುವುದಿಲ್ಲ, ಅರೆಸ್ಟ್ ಆಗಿದ್ದೀರಾ ಎಂದೂ ಕೇಳುತ್ತದೆ, ಆಮೇಲೆ ಕ್ಷಮೆ ಸಿಕ್ಕಿದ್ದರೂ ಹೇಳಿ ಅನ್ನುತ್ತದೆ. ತೂಗಿ ನೋಡಿ ಬಿಡಬಹುದಾದ ತಪ್ಪನ್ನು ಬಿಡಲಾಗದ ತಪ್ಪು ಮಾಡಿಕೊಳ್ಳಬೇಡಿ.

ಸಂಪಿಗೆ ಮರ

ಮಳೆಹನಿಯವರಿಗೆ ಅಮೆರಿಕದ ಕಡೆಯ ಕಥೆ ಹೇಳುತ್ತೇನೆ, ನಾನೇ ಅನುಭವಿಸಿದ್ದು. ಕ್ಯಾಲಿಫೋರ್ನಿಯಾ, 2019. ವಕೀಲರು ಆರೋಪವನ್ನು ಕಡಿಮೆ ಮಾಡಿಸಿದರು, ಕುಡಿದು ಓಡಿಸಿದ್ದು ಅಂತ ಇಲ್ಲ, ಅಜಾಗರೂಕ ಚಾಲನೆ ಅಂತ ಆಯಿತು. ಗೆದ್ದೆ ಅಂದುಕೊಂಡೆ. ಆದರೆ ವೀಸಾ ಅಷ್ಟು ಹೊತ್ತಿಗೆ ರದ್ದಾಗಿ ಹೋಗಿತ್ತು. ಯಾಕೆಂದರೆ 2015ರಿಂದ ಹೀಗೆ ವೀಸಾ ರದ್ದು ಮಾಡಲು ಶಿಕ್ಷೆ ಬೇಕಿಲ್ಲ, ಅರೆಸ್ಟ್ ಸಾಕು.

ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಲೇಬೇಕಾಯಿತು. ಹೊಸ ವೀಸಾ ಸ್ಟ್ಯಾಂಪಿಂಗ್ ಸಂದರ್ಶನದಲ್ಲಿ ಅಧಿಕಾರಿ ಗದರಲಿಲ್ಲ, ಬಯ್ಯಲಿಲ್ಲ. ಒಂದು ಕಾಗದ ಕೊಟ್ಟು ಅವರ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಹೋಗಲು ಹೇಳಿದರು. ಕಳೆದ ಐದು ವರ್ಷದಲ್ಲಿ ಕುಡಿತಕ್ಕೆ ಸಂಬಂಧಿಸಿದ ಒಂದು ಅರೆಸ್ಟ್ ಇದ್ದರೂ, ಹತ್ತು ವರ್ಷದಲ್ಲಿ ಎರಡು ಇದ್ದರೂ ಹಾಗೆ ಕಳಿಸಬೇಕು ಎಂಬುದು ಅವರ ನಿಯಮ. ವೈದ್ಯರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ವಾರಕ್ಕೆ ಎಷ್ಟು ದಿನ, ಒಬ್ಬರೇ ಕುಡಿಯುತ್ತೀರಾ, ಬೆಳಿಗ್ಗೆ ಎದ್ದು ಬೇಕೆನಿಸುತ್ತದಾ, ಮನೆಯಲ್ಲಿ ಜಗಳವಾಗಿದೆಯಾ. ರಕ್ತ ತೆಗೆದರು. ಹೆಣ್ಣಾಗಿ ಆ ಕುರ್ಚಿಯಲ್ಲಿ ಕೂತು ಉತ್ತರ ಕೊಡುವಾಗ ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಆ ವೈದ್ಯರು ಕೊನೆಗೆ, "ನೀವು ನಿಜ ಹೇಳಿದಿರಿ, ನನ್ನ ಕೆಲಸ ಸುಲಭವಾಯಿತು" ಅಂದರು.

ಅವರು ನೋಡುವುದು ಒಂದು ಸಲದ ತಪ್ಪಾ, ಕುಡಿತದ ಕಾಯಿಲೆಯಾ ಅಂತ. ಕಾಯಿಲೆ ಇದೆ, ಅದರಿಂದ ಬೇರೆಯವರಿಗೆ ಅಪಾಯ ಇದೆ ಎಂದು ಬರೆದರೆ, ಅದರಿಂದ ಹೊರಬಂದು ಹನ್ನೆರಡು ತಿಂಗಳು ಕಳೆಯುವವರೆಗೆ ವೀಸಾ ಇಲ್ಲ. ನನಗೆ ಹಾಗೆ ಆಗಲಿಲ್ಲ. ಆದರೂ ಒಂಬತ್ತು ವಾರ ಊರಿನಲ್ಲೇ ಉಳಿದೆ. ಇಲ್ಲಿ ಬಾಡಿಗೆ, ಕಾರಿನ ಕಂತು, ಮ್ಯಾನೇಜರ್‌ನ ದಿನಕ್ಕೊಂದು ಮೆಸೇಜು. ಒಂದು ಮಾತು ನೆನಪಿಡಿ: ಅವಧಿ ಮುಗಿದ ವೀಸಾ ಇಟ್ಟುಕೊಂಡು ಕೆನಡಾಕ್ಕೆ 30 ದಿನದೊಳಗೆ ಹೋಗಿ ಬರುವ ಸೌಲಭ್ಯ ಇದೆಯಲ್ಲ, ನಿಮ್ಮದು ರದ್ದಾದ ವೀಸಾ, ಅದನ್ನು ನಂಬಿ ಹೊರಡಬೇಡಿ.

ಮಳೆಹನಿ

ಅಂದರೆ ಕೆನಡಾ ಒಳಗೆ ಬಿಟ್ಟರೂ ಅಮೆರಿಕ ವಾಪಸ್ ಬಿಡುವ ಖಾತ್ರಿ ಇಲ್ಲ. ನಾನು ಒಂದೇ ಬಾಗಿಲು ಅಂದುಕೊಂಡಿದ್ದೆ.

ರಾತ್ರಿಪಾಳಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಕೇಸು ಭಾರತದ್ದು. 2020ರಲ್ಲಿ ತಪಾಸಣೆಯಲ್ಲಿ ಸಿಕ್ಕಿ, ಕೋರ್ಟಿಗೆ ಹೋಗಿ 10,000 ರೂಪಾಯಿ ಕಟ್ಟಿ ಬಂದೆ. ಅದು ಬರೀ ಟ್ರಾಫಿಕ್ ಫೈನ್ ತಾನೇ? ಕೆನಡಾದ ಅರ್ಜಿಯಲ್ಲಿ ಅದನ್ನೂ ಹೇಳಬೇಕಾ?

ವ್ಯಾಂಕೂವರ್ ವಾಸಿ

ಹೇಳಬೇಕು. ಸಿಗ್ನಲ್ ಜಿಗಿದದ್ದಕ್ಕೆ ರಸ್ತೆಯಲ್ಲೇ ಕಟ್ಟುವ ದಂಡ ಬೇರೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿಕೊಳ್ಳುವ ಅಪರಾಧಗಳ ಸಾಲಿನಲ್ಲಿಲ್ಲ, ಅದಕ್ಕೇ ನಿಮ್ಮನ್ನು ಕೋರ್ಟಿಗೆ ಕರೆದದ್ದು. ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯೇ, ಆರು ತಿಂಗಳವರೆಗೆ ಜೈಲೂ ಆಗಬಹುದಾದ ಅಪರಾಧ. ಬಹಳ ಜನ ಇದನ್ನು ರಸೀದಿ ಹರಿದರೆ ಮುಗಿಯಿತು ಅಂದುಕೊಂಡಿರುತ್ತಾರೆ.

ಆದರೆ ನಿಮ್ಮ ಕೇಸಿನಲ್ಲಿ ಒಂದು ತಿರುವು ಇದೆ. ಭಾರತದ ಮಿತಿ 30 ಮಿಲಿಗ್ರಾಂ, ಇಲ್ಲಿಯದು 80. ನಿಮ್ಮದು 45 ಬಂದಿದ್ದರೆ ಕೆನಡಾದ ಮಿತಿ ದಾಟಿಲ್ಲ ಎಂದು ವಾದಿಸಲು ಜಾಗ ಇದೆ. ತೂರಾಡುತ್ತಿದ್ದರು ಎಂದು ದೂರಿನಲ್ಲಿ ಬರೆದಿದ್ದರೆ ಆ ವಾದ ಸೋಲಬಹುದು, ಯಾಕೆಂದರೆ ಅಂಕಿ ಎಷ್ಟೇ ಇರಲಿ, ಓಡಿಸುವ ಸಾಮರ್ಥ್ಯ ಕುಗ್ಗಿದ್ದರೂ ಇಲ್ಲಿ ಅಪರಾಧವೇ. ಆದ್ದರಿಂದ ಊದಿದಾಗ ಬಂದ ಚೀಟಿ, ಆರೋಪಪಟ್ಟಿ, ಆದೇಶದ ದೃಢೀಕೃತ ಪ್ರತಿ ಮೂರನ್ನೂ ಈಗಲೇ ತೆಗೆಸಿಡಿ.

ಹಳೆ ಪಾಸ್‌ಪೋರ್ಟ್

ಬೇರೆ ದೇಶಗಳ ಬಗ್ಗೆ ಚಿಕ್ಕದಾಗಿ. ಎಲ್ಲರೂ ಕೆನಡಾದಷ್ಟು ಬಿಗಿ ಅಲ್ಲ. ಆಸ್ಟ್ರೇಲಿಯಾ ಮುಖ್ಯವಾಗಿ ನೋಡುವುದು ಒಟ್ಟು ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆ ಆಗಿದೆಯಾ ಅಂತ, ಜಪಾನ್ ಒಂದು ವರ್ಷ ಅಥವಾ ಹೆಚ್ಚಿನದು. ಬ್ರಿಟನ್‌ಗೆ ಪ್ರವಾಸ ಹೋಗುವವರಿಗೆ ಜೈಲಿಲ್ಲದ ಶಿಕ್ಷೆಯಾದರೂ ಒಂದು ವರ್ಷ ಕಳೆದಿರಬೇಕು. ಕೇಳಿದರೆ ಮಾತ್ರ ಎಲ್ಲಾ ಕಡೆ ನಿಜ ಹೇಳಲೇಬೇಕು.

ಹೊಂಗೆ ನೆರಳು

ಇಷ್ಟು ಹೊತ್ತು ಓದಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಅಣ್ಣನನ್ನು ಕುಡಿದು ಓಡಿಸುತ್ತಿದ್ದವನೊಬ್ಬ ಕೊಂದ. ಅವನಿಗೂ ಅದು "ಒಂದು ಸಲದ ತಪ್ಪು". ಹತ್ತು ವರ್ಷದ ನಿಯಮ ಕೆನಡಾ ಯಾಕೆ ತಂದಿತು ಎಂದು ಇಲ್ಲಿ ಯಾರೂ ಕೇಳಲಿಲ್ಲ. ನಮ್ಮಂಥ ಮನೆಗಳು ಇರುವುದರಿಂದ ತಂದಿತು. ಮಳೆಹನಿಯವರೇ, ನಿಮ್ಮನ್ನು ಬಯ್ಯುತ್ತಿಲ್ಲ, "ಆಗಬಹುದಿತ್ತು" ಎಂದು ನೀವೇ ಬರೆದಿರಿ, ಅದಕ್ಕೇ ನಿಮ್ಮ ಹತ್ತಿರ ಹೇಳಬೇಕೆನಿಸಿತು.

ಮಳೆಹನಿ

ನೀವು ಬರೆದದ್ದನ್ನು ಮೂರು ಸಲ ಓದಿದೆ. ಉತ್ತರ ಹೊಳೆಯುತ್ತಿಲ್ಲ. ಆವತ್ತು ನನ್ನನ್ನು ನಿಲ್ಲಿಸಿದ ಜಾಗದಿಂದ ಮುಂದೆ ಅರ್ಧ ಮೈಲಿಗೆ ಒಂದು ಶಾಲೆ ಇದೆ. ಸಂಜೆ ಏಳೂವರೆಗೆ ಅಲ್ಲಿ ಬ್ಯಾಸ್ಕೆಟ್‌ಬಾಲ್ ಮುಗಿದು ಮಕ್ಕಳು ರಸ್ತೆ ದಾಟುತ್ತಾರೆ. ನನ್ನನ್ನು ನಿಲ್ಲಿಸಿದ್ದು 7.20ಕ್ಕೆ. ಆ ಪೊಲೀಸ್ ಅಧಿಕಾರಿಗೆ ಮನಸ್ಸಿನಲ್ಲಿ ಎಷ್ಟು ಸಲ ಕೈಮುಗಿದಿದ್ದೇನೋ. ನಿಮ್ಮ ಅಣ್ಣನ ವಿಷಯಕ್ಕೆ ತುಂಬಾ ದುಃಖವಾಯಿತು.

ಇವತ್ತು ರಾತ್ರಿ ತಂಗಿಗೆ ಫೋನ್ ಮಾಡಿ ಎಲ್ಲ ಹೇಳುತ್ತೇನೆ.

ಸಂಪಿಗೆ ಮರ

ಹೇಳಿ. ಟಿಆರ್‌ಪಿ ಅರ್ಜಿಗೂ ಅವಳ ಆಹ್ವಾನದ ಪತ್ರ ಬೇಕಾಗುತ್ತದೆ, ಅದರಲ್ಲಿ ಅವಳಿಗೆ ನಿಮ್ಮ ಕೇಸು ಗೊತ್ತಿದೆ ಅಂತ ಇದ್ದರೆ ಒಳ್ಳೆಯದು.

ವ್ಯಾಂಕೂವರ್ ವಾಸಿ

ಸರಿಯಾದ ಮಾತು. ಜೊತೆಗೆ ಅವಳ ವೈದ್ಯರ ಪತ್ರ, ಹಿಂದಿನ ಎರಡು ಸಲದ ವಿವರ, ನೀವು ಮುಗಿಸಿದ ಚಿಕಿತ್ಸೆಯ ಪ್ರಮಾಣಪತ್ರ, ಕಾರಿನ ಯಂತ್ರದ ಒಂದು ವರ್ಷದ ವರದಿ. ಆ ವರದಿಯನ್ನು ಯಾರೂ ಲಗತ್ತಿಸುವುದಿಲ್ಲ. ದಿನಕ್ಕೆ ಹತ್ತಾರು ಸಲ ಊದಿ ಒಂದು ಸಲವೂ ಕೆಂಪು ಬರಲಿಲ್ಲ ಅನ್ನುವುದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಹತ್ತಿರ ಇನ್ನೇನಿದೆ?

ಮಳೆಹನಿ

ಏಳು ತಿಂಗಳ ನಂತರ ಬರೆಯುತ್ತಿದ್ದೇನೆ. ತಂಗಿಗೆ ಹೆಣ್ಣು ಮಗು. ಇಬ್ಬರೂ ಆರೋಗ್ಯವಾಗಿದ್ದಾರೆ.

ಟಿಆರ್‌ಪಿ ಅರ್ಜಿ ಹಾಕಿದೆ, ಹೆರಿಗೆಯ ಹೊತ್ತಿಗೆ ಉತ್ತರ ಬರಲಿಲ್ಲ, ಇನ್ನೂ ಬಂದಿಲ್ಲ. ಆವತ್ತು ರಾತ್ರಿ ಫೋನಿನಲ್ಲಿ ಹೇಳಿದಾಗ ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ವರ್ಷ ಕೆಲಸ ಇದೆ, ಕೆಲಸ ಇದೆ ಅಂತ ತಪ್ಪಿಸಿಕೊಂಡಿದ್ದು ಇದಕ್ಕಾ?" ಅಂದಳು. ಅತ್ತಳು. ಕೊನೆಗೆ ಅವಳೇ ದಾರಿ ಹೇಳಿದಳು. ನನಗೆ ಹೊಳೆದೇ ಇರಲಿಲ್ಲ: ಅವಳು ಕೆನಡಾದ ಪ್ರಜೆ, ಅವಳಿಗೆ ಈ ಕಡೆ ಬರಲು ವೀಸಾ ಬೇಕಿಲ್ಲ. ಮಗುವಿಗೆ ಮೂರು ತಿಂಗಳು ತುಂಬಿ ಪಾಸ್‌ಪೋರ್ಟ್ ಬಂದ ಮೇಲೆ ಗಂಡನ ಜೊತೆ ಬೆಲ್ಲಿಂಗ್‌ಹ್ಯಾಮ್‌ವರೆಗೆ ಬಂದಳು. ಅಮ್ಮನಿಗೆ ಅಮೆರಿಕದ ವೀಸಾ ಇತ್ತು, ಅವಳೂ ಜೊತೆಗಿದ್ದಳು. ಎರಡು ದಿನ ಒಂದೇ ಹೋಟೆಲಿನಲ್ಲಿದ್ದೆವು. ಮಗು ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಭಾನುವಾರ ಅವರ ಕಾರು ಉತ್ತರಕ್ಕೆ, ನನ್ನದು ದಕ್ಷಿಣಕ್ಕೆ.

ಬಯಲುಸೀಮೆ

ಓದಿ ಕಣ್ಣು ತುಂಬಿ ಬಂತ್ರಿ. ನಾವೂ ಬೆಲ್ಲಿಂಗ್‌ಹ್ಯಾಮ್‌ದಾಗ ಇಳಿದಿದ್ವಿ. ಕೂಸಿಗೆ ಒಳ್ಳೇದಾಗಲಿ.

ಹೊಸಬ

ಎಲ್ಲಾ ಓದಿದೆ, ಕೈ ನಡುಗುತ್ತಿದೆ. ನನ್ನದು ಕಳೆದ ಶನಿವಾರ ಆಯಿತು, ವಾಷಿಂಗ್ಟನ್‌ನಲ್ಲೇ. ಗುರುವಾರ ಕೋರ್ಟು. ಮೊದಲ ಸಲ ಆದ್ದರಿಂದ ಒಪ್ಪಿಕೊಂಡು ಬೇಗ ಮುಗಿಸೋಣ ಅನ್ನುತ್ತಿದ್ದಾರೆ ವಕೀಲರು. ನನ್ನದು ಎಫ್-1, ವಿದ್ಯಾರ್ಥಿ ವೀಸಾ.

ವ್ಯಾಂಕೂವರ್ ವಾಸಿ

ವಿದೇಶಿಯರಿಗೆ ಗಡೀಪಾರಿನ ಅಪಾಯ ಇದ್ದರೆ ಕ್ರಿಮಿನಲ್ ವಕೀಲರು ಹೇಳಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಯಾ ತೀರ್ಪಿನಲ್ಲಿ ಹೇಳಿದೆ. ಪಕ್ಕದ ದೇಶದ ಬಾರ್ಡರಿನಲ್ಲಿ ಏನಾಗುತ್ತದೆ ಎಂದು ಹೇಳುವ ಹೊಣೆ ಮಾತ್ರ ಅವರ ಮೇಲಿಲ್ಲ, ಹಾಗಾಗಿ ನೀವೇ ಕೇಳಬೇಕು. ಕಡಿಮೆ ಆರೋಪಕ್ಕೆ ಇಳಿಸಿದರೂ ಯಾವ ಪದಗಳಲ್ಲಿ ಅನ್ನೋದು ಮುಖ್ಯ. ಅಪಾಯಕಾರಿ ಚಾಲನೆಗೆ ಸಮ ಎಂದು ಕಂಡರೆ ಇಲ್ಲಿ ಅದಕ್ಕೂ ಗರಿಷ್ಠ ಹತ್ತು ವರ್ಷವೇ.

ಮಳೆಹನಿ

ತಮ್ಮಾ, ಮೊದಲು ಉಸಿರು ತೆಗೆದುಕೋ. ಗುರುವಾರವೇ ಒಪ್ಪಿಕೊಳ್ಳಬೇಕು ಅಂತೇನಿಲ್ಲ. ಮೊದಲ ಹಾಜರಿಯಲ್ಲಿ "ಒಪ್ಪಿಲ್ಲ" ಎಂದು ದಾಖಲಿಸುವುದು ಇಲ್ಲಿ ಸಾಮಾನ್ಯ, ಅದರಿಂದ ಸಮಯ ಸಿಗುತ್ತದೆ. ಆ ಸಮಯದಲ್ಲಿ ಒಬ್ಬ ವಲಸೆ ವಕೀಲರನ್ನು ನಿನ್ನ ವಕೀಲರ ಜೊತೆ ಫೋನಿನಲ್ಲಿ ಕೂರಿಸು. ನಾನು ಅದನ್ನು ಮಾಡಲಿಲ್ಲ. ಲೈಸೆನ್ಸ್ ಅಮಾನತು ಪ್ರಶ್ನಿಸುವ ವಿಚಾರಣೆ ಬೇಕೆಂದರೆ ಅರೆಸ್ಟ್ ಆದ ಏಳು ದಿನದೊಳಗೆ ಕೇಳಬೇಕು, ಶನಿವಾರ ಆಗಿದ್ದರೆ ಇನ್ನು ದಿನ ಹೆಚ್ಚಿಲ್ಲ, ಆ ಫಾರ್ಮನ್ನು ಇವತ್ತೇ ಕಳಿಸು. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೇಳು. ವೀಸಾಕ್ಕೆ ಕೊಟ್ಟಿದ್ದ ಇಮೇಲ್ ಯಾವುದು ನೋಡಿಕೋ, ರದ್ದಾದ ಸುದ್ದಿ ಅಲ್ಲಿಗೇ ಬರುತ್ತದೆ, ಸ್ಪ್ಯಾಮ್‌ನಲ್ಲೂ ಹುಡುಕು. ಅದು ಗೊತ್ತಾಗುವವರೆಗೆ ರಜೆಗೆ ಊರಿಗೆ ಟಿಕೆಟ್ ಮಾಡಬೇಡ.

ನನಗೆ ಖಾಸಗಿ ಸಂದೇಶ ಹಾಕು. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.